ಅವ್ವ ಅರೆದ ಗುಲಗಂಜಿ

ಜ್ವರದಿಂದ ಎದ್ದು ನಾನು ಓಡಾಡತೊಡಗಿ, ಇನ್ನು ಕಂಟಕ ಕಳೆಯಿತು ಎಂದು ಮನೆಯವರೆಲ್ಲ ಉಸಿರು ಬಿಟ್ಟ ಮೇಲೆ ನನ್ನ ಕೂದಲು ಉದುರಲು ಶುರುವಾಯಿತು.

ಆಗ ನನಗೆ ಹದಿನಾರು. ಐವತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಹಂಗಳ, ಗುಂಡ್ಲುಪೇಟೆಯಿಂದ ಕಾಡಿನ ಕಡೆ ಹೋಗುವ ದಾರಿಯಲ್ಲಿದೆ. ಆ ಮುಂಗಾರಿನಲ್ಲಿ ವಿಷಮಶೀತ ಜ್ವರ ಊರಿಗೆ ಬಂದು ನಮ್ಮ ಬೀದಿಯಲ್ಲೇ ಎಳೆಯ ಮಕ್ಕಳನ್ನು ಹೊತ್ತುಕೊಂಡು ಹೋಗಿತ್ತು. ನಾನು ನಡುಮನೆಯ ಚಾಪೆಯ ಮೇಲೆ ವಾರಗಟ್ಟಲೆ ಎಚ್ಚರವಿಲ್ಲದೆ ಬಿದ್ದಿದ್ದೆ. ಅಪ್ಪನ ತಾಯಿ, ನಮ್ಮ ಅಜ್ಜಿ, ಹಣೆಗೆ ವಿಭೂತಿ ಇಟ್ಟು ಮಾದೇಶ್ವರನಿಗೆ ಹರಕೆ ಹೊತ್ತಳು. ಹರಕೆ ಹೊರುವಷ್ಟು ಹೊತ್ತೂ ಅವ್ವ ನನ್ನ ಪಕ್ಕ ಬಿಟ್ಟು ಏಳಲಿಲ್ಲವಂತೆ. ಗಂಜಿಯ ತಿಳಿಯಲ್ಲಿ ಬಟ್ಟೆ ಅದ್ದಿ ನನ್ನ ಬಾಯಿಗೆ ಹಿಂಡುತ್ತ ಕೂತಿದ್ದಳು. ನಾನು ಬದುಕಿದ್ದು ಯಾರಿಂದ ಎಂಬ ವಿಷಯದಲ್ಲಿ ಅತ್ತೆ-ಸೊಸೆಗೆ ಕಡೆಯವರೆಗೂ ಒಮ್ಮತ ಬರಲಿಲ್ಲ.

ಗೌರಿ ಹಬ್ಬದ ಬೆಳಿಗ್ಗೆ ಅವ್ವ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಸಿಕ್ಕು ಬಿಡಿಸುತ್ತಿದ್ದಳು. ಬಾಚಣಿಗೆ ನೆತ್ತಿಯಿಂದ ಒಮ್ಮೆ ಕೆಳಗಿಳಿಯಿತು. ಆಮೇಲೆ ಅವಳ ಕೈ ನಿಂತುಬಿಟ್ಟಿತು. "ಯಾಕವ್ವ?" ಎಂದು ತಿರುಗಿ ನೋಡಿದೆ. ಬಾಚಣಿಗೆ ಕಾಣದಷ್ಟು ಕೂದಲು ಅವಳ ಕೈಯಲ್ಲಿತ್ತು. ಬುಡಸಮೇತ ಬಂದಿದ್ದರೂ ನನಗೆ ಚೂರೂ ನೋವಾಗಿರಲಿಲ್ಲ.

"ಏನಿಲ್ಲ ಕಣಮ್ಮಿ, ಸಿಕ್ಕು" ಎಂದು ಅದನ್ನು ಉಂಡೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಜ್ಜಿಗೂ ತೋರಿಸಲಿಲ್ಲ.

ನನ್ನ ಕೂದಲು ಅವ್ವ ಬೆಳೆಸಿದ್ದು. ಹಾಗೆಂದೇ ಹೇಳಬೇಕು. ಸೋಮವಾರದ ತಲೆಸ್ನಾನವೆಂದರೆ ನಮ್ಮ ಮನೆಯಲ್ಲಿ ಭಾನುವಾರವೇ ಶುರುವಾಗುತ್ತಿತ್ತು. ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಹರಳನ್ನು ಹುರಿದು, ಕುಟ್ಟಿ, ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಅವಳೇ ತೆಗೆಯುತ್ತಿದ್ದಳು. ಅದನ್ನು ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿ ತಟ್ಟಿ ಇಳಿಸುವಳು. ಸೀಗೆಕಾಯಿ, ಮೆಂತ್ಯ, ಒಣಗಿಸಿದ ನಿಂಬೆ ಸಿಪ್ಪೆ ಸೇರಿಸಿ ಒರಳಲ್ಲಿ ಕುಟ್ಟಿದ ಪುಡಿ. ಕೊನೆಗೆ ಮತ್ತಿಸೊಪ್ಪನ್ನು ನೀರಿನಲ್ಲಿ ಕಿವುಚಿದಾಗ ಬರುವ ಹಸಿರು ಲೋಳೆ. ಅದನ್ನು ಹಚ್ಚಿ ತೊಳೆದರೆ ಕೂದಲು ಕೈಯಿಂದ ಜಾರಿ ಜಾರಿ ಹೋಗುತ್ತಿತ್ತು. ಇದ್ಯಾವುದನ್ನೂ ಅಂಗಡಿಯಿಂದ ತಂದವರಲ್ಲ ನಾವು. ಬೇಲಿ, ಬದು, ಹಿತ್ತಿಲು ಇವೇ ಅವ್ವನ ಅಂಗಡಿ. ಬಿಸಿಲಿಗೆ ಬೆನ್ನು ಕೊಟ್ಟು ಕೂದಲು ಹರಡಿಕೊಂಡು ನಾನು ಕೂತರೆ ಅದು ಜಗಲಿಯ ಕಲ್ಲು ಮುಟ್ಟುತ್ತಿತ್ತು. ಅವ್ವ ಯಾರನ್ನೂ ಹೊಗಳುವವಳಲ್ಲ. ಕೆಲಸದ ನಡುವೆ ಸುಮ್ಮನೆ ಬಂದು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದಳು, ಅಷ್ಟೇ.

ಅವಳು ಹೆದರಿದ್ದು ಬರೀ ಅಂದ ಹೋಯಿತೆಂದಲ್ಲ. ಚಾಮರಾಜನಗರದಲ್ಲಿ ನನ್ನ ಸೋದರಮಾವನ ಮನೆ, ಅವರದು ಜವಳಿ ವ್ಯಾಪಾರ. ಮಾವನ ಮಗನಿಗೆ ನನ್ನನ್ನು ಕೊಡುವುದೆಂದು ಹಿಂದಿನಿಂದಲೂ ಆಡಿಕೊಂಡಿದ್ದರು. ದೀಪಾವಳಿಗೆ ಮಾವನ ಹೆಂಡತಿ, ನನ್ನ ಅತ್ತೆ, ಬಂದು ವೀಳ್ಯ ಬದಲಾಯಿಸಿ ಮದುವೆ ನಿಶ್ಚಯಿಸುವುದೆಂದು ಜ್ವರಕ್ಕೆ ಮುಂಚೆಯೇ ಗೊತ್ತಾಗಿತ್ತು. ಈ ಅತ್ತೆ ಹಿಂದಿನ ಸಲ ಬಂದಾಗ ನನ್ನ ಜಡೆಯನ್ನು ಅಂಗೈ ಮೇಲೆ ತೂಗಿ, "ಈ ಜಡ ನೋಡೇ ನಾನು ಸೊಸ ಮಾಡ್ಕತಿರಾದು ಕಣಮ್ಮಿ" ಎಂದು ನಕ್ಕಿದ್ದಳು. ಅದು ತಮಾಷೆಯ ಮಾತು. ಅವ್ವ ಮಾತ್ರ ತಮಾಷೆಯೆಂದು ತೆಗೆದುಕೊಂಡಿರಲಿಲ್ಲ.

ದಿನದಿನಕ್ಕೂ ಹೆಚ್ಚಾಯಿತು. ದಿಂಬಿನ ಮೇಲೆ ಕೂದಲು, ಮುದ್ದೆಯಲ್ಲಿ ಕೂದಲು, ನೀರಿನ ಕೊಡದಲ್ಲಿ ಕೂದಲು. ಕೊಟ್ಟಿಗೆ ಗುಡಿಸುವಾಗ ಪೊರಕೆಗೆ ಸುತ್ತಿಕೊಂಡಿದ್ದನ್ನು ಬಿಡಿಸುತ್ತ ನಾನು ಅಳುತ್ತಿದ್ದೆ. ಜಡೆ ಇಲಿಬಾಲದಂತಾಯಿತು. ಬೈತಲೆ ಅಗಲವಾಗುತ್ತ ಹೋಗಿ ನೆತ್ತಿಯ ಚರ್ಮ ಬಿಳಿಚಿಕೊಂಡು ಕಾಣತೊಡಗಿತು. ಯಾರಾದರೂ ಮನೆಗೆ ಬಂದರೆ ನಾನು ಹಿತ್ತಿಲಿಗೆ ಹೋಗುತ್ತಿದ್ದೆ. ತಲೆ ಮೇಲೆ ಸೆರಗು ಹೊದ್ದು ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಬ್ಬಳು ನನಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು: "ತಲೇಲಿ ಕೂದ್ಲಿಲ್ದ ಉಡ್ಗಿಯ ಯಾರ್ ಮನ ತುಂಬಿಸ್ಕಂಡರು?" ನಾನು ಕೊಡ ತುಂಬಿಸದೆ ವಾಪಸು ಬಂದೆ.

ಅವ್ವ ಕಾದಾಡಲು ನಿಂತಳು. ಗದ್ದೆಯ ಅಂಚಿನ ಗರುಗದ ಸೊಪ್ಪನ್ನು ತಂದು ಅರೆದು ಎಣ್ಣೆಯಲ್ಲಿ ಕಾಯಿಸಿದಳು. ಮೆಂತ್ಯ ನೆನೆಸಿ ರುಬ್ಬಿ ತಲೆಗೆ ಮೆತ್ತಿದಳು. ದಾಸವಾಳದ ಎಲೆ, ಹುಳಿ ಮಜ್ಜಿಗೆ, ಲೋಳೆಸರ, ಕರಿಬೇವು, ಹೀಗೆ ಒಂದರ ಮೇಲೊಂದು. ಯಾರು ಏನು ಹೇಳಿದರೂ ಮಾಡಿದಳು. ಮುಂಚೆ ವಾರಕ್ಕೊಮ್ಮೆ ಇದ್ದದ್ದು ಈಗ ದಿನವೂ ಆಯಿತು. ಈರುಳ್ಳಿ ಕತ್ತರಿಸಿ ನೆತ್ತಿಗೆ ಉಜ್ಜುವುದು ಒಳ್ಳೆಯದೆಂದು ಯಾರೋ ಹೇಳಿದಾಗ ಚರ್ಮ ಕೆಂಪಾಗುವವರೆಗೂ ಉಜ್ಜಿದಳು. ಅದೇ ಸೊಪ್ಪು, ಅದೇ ಎಣ್ಣೆ, ಆದರೆ ಕೈ ಬೇರೆಯಾಗಿತ್ತು. ಮುಂಚೆ ಅವ್ವ ಎಣ್ಣೆ ಹಚ್ಚಿದರೆ ನನಗೆ ನಿದ್ದೆ ಬರುತ್ತಿತ್ತು. ಈಗ ಅವಳ ಬೆರಳುಗಳ ಅವಸರ ನನ್ನ ತಲೆಬುರುಡೆಗೆ ತಿಳಿಯುತ್ತಿತ್ತು. ಪ್ರತಿ ಸಲ ತೊಳೆದಾಗಲೂ ಬಚ್ಚಲ ತೂತು ಕಟ್ಟಿಕೊಳ್ಳುವಷ್ಟು ಕೂದಲು ಹೋಗುತ್ತಿತ್ತು.

ಅಜ್ಜಿ ಒಂದು ದಿನ ನೇರವಾಗಿ ಹೇಳಿಬಿಟ್ಟಳು. "ಮಾದಪ್ಪನ ಬೆಟ್ಟಕ್ಕ ಕರ್ಕಂಡೋಗಿ ಮುಡಿ ಕೊಡ್ಸುಬುಡು. ಬೋಳಿಸಿದ್ರ ವಸ ಕೂದ್ಲು ಒತ್ತಾಗಿ ಬತ್ತದ. ಹರಕನೂ ತೀರ್ತದ."

"ದೀಪಾವಳಿಗ ಅತ್ತಿಗೆ ಬತ್ತಾರ" ಎಂದಳು ಅವ್ವ.

"ಬರ್ಲಿ. ದೇವ್ರಿಗ ಕೊಟ್ಟುದ್ದು ಅಂದ್ರ ಬಾಯ್ ಮುಚ್ಕತಾರ."

"ಬೋಳುತಲ ಇಟ್ಕಂಡು ವೀಳ್ಯಕ್ಕ ಕೂರಾಳಾ ನನ್ ಮಗ್ಳು? ನಿಮ್ಗ ಮೊಮ್ಮಗ್ಳು ಮನೇಲೇ ಉಳುದ್ರೂ ಸರಿ!"

ಅವ್ವ ಅಜ್ಜಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಜ್ಜಿ ತಾಂಬೂಲದ ಚೀಲ ಎತ್ತಿಕೊಂಡು ಜಗಲಿಗೆ ಹೋದಳು. ಅಪ್ಪ ಎಲ್ಲ ಕೇಳಿಸಿಕೊಂಡೂ ಎತ್ತುಗಳಿಗೆ ಮೇವು ಹಾಕುವ ನೆಪದಲ್ಲಿ ಕೊಟ್ಟಿಗೆಯಲ್ಲೇ ಉಳಿದ.

ಅದರ ಮುಂದಿನ ಗುಂಡ್ಲುಪೇಟೆ ಸಂತೆಗೆ ಅವ್ವ ನನ್ನನ್ನು ಕರೆದುಕೊಂಡು ಹೋದಳು. ತಲೆಗೆ ಬಿಗಿಯಾಗಿ ಸೆರಗು ಕಟ್ಟಿಕೊಂಡಿದ್ದೆ. ವಯನಾಡಿನ ಕಡೆಯಿಂದ ಲಾವಂಚ, ಮೆಣಸು ತಂದು ಮಾರುವ ಹೆಂಗಸೊಬ್ಬಳು ಅಲ್ಲಿ ಕೂರುತ್ತಿದ್ದಳು. ಅವಳ ಕೂದಲು ಮೊಣಕಾಲಿನವರೆಗೂ ಇತ್ತು, ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು. ಅವ್ವ ಅವಳ ಮುಂದೆ ನನ್ನ ಸೆರಗು ಸರಿಸಿ ತೋರಿಸಿದಳು. ಅವಳು ಕತ್ತು ಬಗ್ಗಿಸಿ ನೋಡಿ, ಜ್ವರ ಬಂದಿತ್ತಾ ಎಂದು ಸನ್ನೆಯಲ್ಲೇ ಕೇಳಿ, "ವರುಂ, ವರುಂ" ಎಂದು ನನ್ನ ಕೆನ್ನೆ ತಟ್ಟಿದಳು. ಬರುತ್ತದೆ, ತಾನಾಗಿ ಬರುತ್ತದೆ ಎಂದು.

"ಯಾವಾಗ?" ಅಂದಳು ಅವ್ವ.

ಅವಳು ಕೈಯನ್ನು ದೂರಕ್ಕೆ ಬೀಸಿದಳು. ಇನ್ನೂ ಎಷ್ಟೋ ತಿಂಗಳು ಎನ್ನುವ ಹಾಗೆ. ಅವ್ವನ ಮುಖ ಸಪ್ಪಗಾಯಿತು. ದೀಪಾವಳಿ ಹತ್ತಿರವಿತ್ತು.

ಸಂತೆಯ ಇನ್ನೊಂದು ತುದಿಯಲ್ಲಿ ಬೇರು-ನಾರು ಹರಡಿಕೊಂಡು ಕೂತಿದ್ದ ಗಂಡಸಿಗೆ ಇಂಥ ಮುಖಗಳ ಗುರುತು ಚೆನ್ನಾಗಿತ್ತು. ಅವನೇ ಕರೆದ. ಕೆಂಪು ಗುಲಗಂಜಿಯನ್ನು ನೀರಲ್ಲಿ ನೆನೆಸಿ, ಸಿಪ್ಪೆ ಬಿಡಿಸಿ, ನುಣ್ಣಗೆ ಅರೆದು, ಕೂದಲಿಲ್ಲದ ಕಡೆ ಒರಟು ಬಟ್ಟೆಯಲ್ಲಿ ಉಜ್ಜಿ ಹಚ್ಚಬೇಕು ಎಂದ. "ಉರಿ ಬತ್ತದ ತಾಯಿ. ಉರುದ್ರ ಎದ್ರಬ್ಯಾಡ. ಉರುದ್ರ ಮದ್ದು ಇಡೀತು ಅಂತ್ಲೇ ಲೆಕ್ಕ. ಅಬ್ಬದೊತ್ಗ ಚಿಗುರ್ತದ."

ಗುಲಗಂಜಿ ಕೊಳ್ಳಬೇಕಾಗಿಯೂ ಇರಲಿಲ್ಲ. ನಮ್ಮ ಬೇಲಿಯ ಮೇಲೇ ಬಳ್ಳಿ ಹಬ್ಬಿತ್ತು. ಅಕ್ಕಸಾಲಿಗರು ಚಿನ್ನ ತೂಗಲು ಕೇಳಿ ಒಯ್ಯುತ್ತಿದ್ದರು, ಮಕ್ಕಳು ಆಡಲು ಕೀಳುತ್ತಿದ್ದವು. ಅದನ್ನು ಬಾಯಿಗೆ ಹಾಕಿಕೊಳ್ಳಬೇಡಿ, ವಿಷ ಎಂದು ಅವ್ವನೇ ನಮ್ಮನ್ನು ಬೈದು ಬೆಳೆಸಿದ್ದಳು. ಆ ಮಾತು ಆ ವಾರ ಅವಳಿಗೆ ನೆನಪಾಗಲಿಲ್ಲವೋ, ನೆನಪಾದರೂ ಬದಿಗೊತ್ತಿದಳೋ, ನಾನು ಯಾವತ್ತೂ ಕೇಳಲಿಲ್ಲ.

ಅಜ್ಜಿ ಸಂಬಂಧಿಕರ ಮನೆಗೆ ಹೋಗಿದ್ದ ಮಧ್ಯಾಹ್ನ, ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ ಅವ್ವ ಆ ಮದ್ದು ಹಚ್ಚಿದಳು. ಮೊದಲು ತಣ್ಣಗಿತ್ತು. ಆಮೇಲೆ ನೆತ್ತಿಯ ಮೇಲೆ, ಎಡಗಿವಿಯ ಮೇಲ್ಭಾಗದಲ್ಲಿ, ಕೆಂಡ ಇಟ್ಟ ಹಾಗಾಯಿತು. "ಅವ್ವಾ, ತೊಳ್ದುಬುಡು" ಎಂದು ಚೀರಿದೆ. ಅವಳು ನನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ತಡ್ಕ ನನ್ ಕಂದ, ಇನ್ನೊಸಿ ಒತ್ತು ತಡ್ಕ. ಮದ್ದು ಇಡೀತಾ ಅದ" ಎನ್ನುತ್ತಿದ್ದಳು. ಅವಳ ಕಣ್ಣಲ್ಲೂ ನೀರು ಹರಿಯುತ್ತಿತ್ತು. ಆದರೆ ಕೈ ಬಿಡಲಿಲ್ಲ. ನಾನು ವಾಂತಿ ಮಾಡಿಕೊಂಡ ಮೇಲೆ ಹೆದರಿ ತೊಳೆದಳು.

ಮರುದಿನಕ್ಕೆ ಹಚ್ಚಿದ ಕಡೆಯೆಲ್ಲ ಬೊಬ್ಬೆ ಎದ್ದವು. ಅದರ ಮರುದಿನ ಒಡೆದು ಕೀವಾಯಿತು. ಮುಖ ಊದಿ ಒಂದು ಕಣ್ಣು ಮುಚ್ಚಿಕೊಂಡಿತು. ಮತ್ತೆ ಜ್ವರ ಏರಿತು. ಊರಿಂದ ಬಂದ ಅಜ್ಜಿ ನನ್ನ ತಲೆ ನೋಡಿ ಅವ್ವನಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಗಾಡಿ ಕಟ್ಲಾ ಮಗ, ಈಗ್ಲೇ ಕಟ್ಟು" ಎಂದು ಅಪ್ಪನನ್ನು ಕೂಗಿದಳು.

ಗುಂಡ್ಲುಪೇಟೆ ಆಸ್ಪತ್ರೆಯವರೆಗೂ ಗಾಡಿಯಲ್ಲಿ ನನ್ನ ತಲೆ ಅಜ್ಜಿಯ ತೊಡೆಯ ಮೇಲಿತ್ತು. ಅವ್ವ ಗಾಡಿಯ ಹಿಂದಿನ ತುದಿಯಲ್ಲಿ, ಬಿದ್ದುಹೋಗುವಷ್ಟು ಅಂಚಿನಲ್ಲಿ ಕೂತಿದ್ದಳು. ಚಕ್ರ ಗುಂಡಿಗೆ ಇಳಿದಾಗಲೆಲ್ಲ ನಾನು ನರಳಿದರೆ ಅವಳು ತನ್ನ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದಳು. ಇವಳು ಸಾಯುತ್ತಾಳೆ, ನಾನೇ ಕೊಂದೆ ಎಂದು ಅವಳು ಅಂದುಕೊಂಡಿದ್ದಳೆಂದು ಈಗ ಅನ್ನಿಸುತ್ತದೆ. ಅವತ್ತು ನನಗೆ ಅನ್ನಿಸಿದ್ದು ಬೇರೆ. ಸತ್ತರೆ ಸಾಕು, ದೀಪಾವಳಿಯಾದರೂ ತಪ್ಪುತ್ತದೆ ಎಂದುಕೊಂಡಿದ್ದೆ.

ಡಾಕ್ಟರು ಗಾಯ ತೊಳೆದು, ಸೂಜಿ ಚುಚ್ಚಿ, ತಲೆ ತುಂಬ ಬಟ್ಟೆ ಸುತ್ತಿಸಿದರು. ಉಳಿದಿದ್ದ ಕೂದಲನ್ನೂ ಗಾಯಕ್ಕೆ ಅಂಟುತ್ತದೆಂದು ಕತ್ತರಿಸಿ ತೆಗೆದರು. ಎಲ್ಲ ಮುಗಿದ ಮೇಲೆ ಅಪ್ಪನಿಗೆ ಹೇಳಿದರು: "ಟೈಫಾಯ್ಡ್ ಆದ ಮೇಲೆ ಕೂದಲು ಉದುರೋದು ಸಹಜ. ಏನೂ ಹಚ್ಚದೆ ಬಿಟ್ಟಿದ್ದರೆ ಮುಂದಿನ ಮುಂಗಾರಿನೊಳಗೆ ಎಲ್ಲ ಬರುತ್ತಿತ್ತು. ಈಗಲೂ ಬರುತ್ತೆ. ಸುಟ್ಟ ಜಾಗದಲ್ಲಿ ಮಾತ್ರ ಹೇಳೋಕಾಗಲ್ಲ." ಅವ್ವ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. 

ಆಸ್ಪತ್ರೆಯಲ್ಲಿದ್ದಾಗಲೇ ದೀಪಾವಳಿ ಬಂತು. ಚಾಮರಾಜನಗರದ ಅತ್ತೆ ಹಂಗಳಕ್ಕೆ ಬರಲೆಂದು ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಾಗ ನಮ್ಮೂರಿನವರು ಯಾರೋ ಸುದ್ದಿ ಹೇಳಿದ್ದರು. ಕೈಯಲ್ಲಿ ಹೊಸ ಸೀರೆಯ ಗಂಟು, ಎಲೆಅಡಿಕೆ, ಹೂವು ಹಿಡಿದುಕೊಂಡೇ ನೇರವಾಗಿ ಆಸ್ಪತ್ರೆಗೆ ಬಂದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳು ಮಂಚದ ಪಕ್ಕ ಬಂದು ನನ್ನ ತಲೆಗೆ ಸುತ್ತಿದ ಬಟ್ಟೆ ನೋಡಿದಳು.

"ಏನ್ ಮಾಡ್ಬುಟ್ಟಿಯಮ್ಮಿ ಉಡ್ಗಿಗ?" ಎಂದು ಅವ್ವನನ್ನು ಕೇಳಿದಳು.

ಅವ್ವ ಅವಳ ಕಾಲ ಬಳಿ ಕುಸಿದಳು. "ನೀವು ಬತ್ತೀರಿ ಅಂತ ಅತ್ತಿಗೆ. ಜಡ ನೋಡಿ ಸೊಸ ಮಾಡ್ಕತೀನಿ ಅಂದಿದ್ರಿ. ಎಲ್ಲಾ ಉದುರೋಯ್ತು. ಏನ್ ಮಾಡ್ಲಿ ನಾನು, ಏನ್ ಮಾಡ್ಲಿ..."

ಅತ್ತೆಯ ಮುಖ ಬಿಳಿಚಿಕೊಂಡಿತು. "ಆ ಮಾತ್ಗಾ? ನಾನು ನಗ್ನಗ್ತಾ ಆಡಿದ್ದ ಮಾತ್ಗಾ?" ಎಂದು ಕೈಯಲ್ಲಿದ್ದದ್ದನ್ನೆಲ್ಲ ಅಲ್ಲೇ ನೆಲದ ಮೇಲಿಟ್ಟು ಅವಳೂ ಕೂತುಬಿಟ್ಟಳು. ಇಬ್ಬರೂ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು. ಅತ್ತ ಮೇಲೆ ಕಣ್ಣೊರೆಸಿಕೊಂಡು ಅತ್ತೆ, "ಇವ್ಳ ನಾನು ಕರ್ಕಂಡೋಯ್ತೀನಿ. ವಾಸಿ ಆಗಗಂಟ ನನ್ ಮನೇಲಿರ್ಲಿ" ಎಂದಳು. ವೀಳ್ಯದ ಮಾತನ್ನು ಯಾರೂ ಎತ್ತಲಿಲ್ಲ. ಸಂಬಂಧ ಉಳಿಯಿತೋ ಮುರಿಯಿತೋ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹಾಗೆ ಚಾಮರಾಜನಗರದಲ್ಲಿ ಕೆಲವು ತಿಂಗಳು ಇದ್ದೆ. ಅತ್ತೆಯ ಮನೆಯಲ್ಲಿ ಆಳೆತ್ತರದ ಕನ್ನಡಿಯಿತ್ತು. ಅವಳು ಅದಕ್ಕೆ ಪಂಚೆ ಹೊದಿಸಿದಳು. ಮಗನನ್ನು ರಾತ್ರಿ ಅಂಗಡಿಯಲ್ಲೇ ಮಲಗಲು ಕಳಿಸಿದಳು. ಗಾಯ ಒಣಗುವವರೆಗೂ ನನ್ನ ತಲೆಗೆ ಏನೂ ಸೋಕಿಸಲಿಲ್ಲ. ಹೊಟ್ಟೆಗೆ ಮಾತ್ರ ಬಿಡದೆ ಕೊಟ್ಟಳು. ಮೊಳಕೆ ಹುರುಳಿಯ ಸಾರು, ನುಗ್ಗೆಸೊಪ್ಪು, ಕರಿಎಳ್ಳು ಬೆಲ್ಲ ಕುಟ್ಟಿದ ಉಂಡೆ, ಬೆಟ್ಟದ ನೆಲ್ಲಿಕಾಯಿ. "ಕೂದ್ಲು ಅನ್ನಾದು ಬೆಳ ಇದ್ದಂಗ ಕಣಮ್ಮಿ. ನೆಲ್ಕ ಗೊಬ್ಬರ ಆಕ್ದೆ ಮ್ಯಾಲ್ ಮ್ಯಾಲ್ ನೀರ್ ಚಿಮ್ಕಿಸುದ್ರ ಬಂದದಾ?" ಎನ್ನುತ್ತಿದ್ದಳು. ನಾನು ನಂಬಲಿಲ್ಲ. ತಿಂದೆ, ಅಷ್ಟೇ. ತಲೆ ಮುಟ್ಟಿಕೊಂಡರೆ ಒಂದು ಕಡೆ ನುಣುಪು ಚರ್ಮ, ಒಂದು ಕಡೆ ಹಕ್ಕಳೆ. ಒಂದು ಮಧ್ಯಾಹ್ನ ಹಿತ್ತಿಲ ಬಾವಿಯ ಕಟ್ಟೆ ಹಿಡಿದು ಕೆಳಗಿನ ನೀರನ್ನೇ ನೋಡುತ್ತ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅತ್ತೆ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದು, ಏನೂ ಕೇಳದೆ, ಅಡುಗೆಮನೆಗೆ ಕರೆದುಕೊಂಡು ಹೋಗಿ ಅವರೆಕಾಯಿ ಬಿಡಿಸಲು ಕೂರಿಸಿದಳು. ಅವತ್ತಿಂದ ನೀರು ಸೇದುವ ಕೆಲಸ ಅವಳದಾಯಿತು. ನನ್ನನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ.

ಅವಳ ಮಗ ಊಟಕ್ಕೆ ಬಂದಾಗ ನಾನು ಕೋಣೆ ಸೇರುತ್ತಿದ್ದೆ. ಒಮ್ಮೆ ಹಜಾರದಲ್ಲಿ ಎದುರು ಸಿಕ್ಕಿಬಿಟ್ಟೆವು. ತಲೆಯ ಸೆರಗು ಜಾರಿತ್ತು. ಅವರು ನನ್ನ ತಲೆಯನ್ನು ನೋಡಿದರು, ಆಮೇಲೆ ಮುಖವನ್ನು.

"ನೋವದಾ ಇನ್ನೂ?" ಎಂದು ಕೇಳಿದರು.

ಅಷ್ಟು ತಿಂಗಳಲ್ಲಿ ಎಲ್ಲರೂ ಕೂದಲನ್ನು ಕೇಳಿದ್ದರು. ನೋವನ್ನು ಕೇಳಿದ್ದು ಅವರೊಬ್ಬರೇ. ನಾನು ಇಲ್ಲವೆಂದು ತಲೆಯಾಡಿಸಿ ಕೋಣೆಗೆ ಹೋಗಿ ಅತ್ತುಬಿಟ್ಟೆ.

ಯುಗಾದಿಯ ಆಸುಪಾಸಿನಲ್ಲಿ ನೆತ್ತಿಯ ಮೇಲೆ ಮೃದುವಾದ ತುಪ್ಪುಳು ಕಾಣಿಸಿತು. ಅತ್ತೆ ಅಂಗೈ ಆಡಿಸಿ ನೋಡಿ ದೇವರ ಮುಂದೆ ದೀಪ ಹಚ್ಚಿದಳು. ಆಮೇಲೆ ವಾರಕ್ಕೊಮ್ಮೆ ಬೆಚ್ಚಗಿನ ಹರಳೆಣ್ಣೆ, ತೊಳೆಯಲು ಮತ್ತಿಸೊಪ್ಪಿನ ಲೋಳೆ, ಇಷ್ಟೇ. ಕೂದಲು ಬಂತು. ಮುಂಚಿಗಿಂತ ತುಸು ತೆಳು, ಆದರೆ ಕಪ್ಪಗೆ, ಹೊಳಪಾಗಿ ಬಂತು. ಎಡಗಿವಿಯ ಮೇಲೆ ಅಂಗೈಯಗಲದ ಜಾಗ ಮಾತ್ರ ಬರಡಾಗಿಯೇ ಉಳಿಯಿತು. ಈಗಲೂ ಹಾಗೇ ಇದೆ. ಅದರ ಮೇಲೆ ಪಕ್ಕದ ಕೂದಲು ಎಳೆದು ಬಾಚಿಕೊಳ್ಳುವುದು ನನಗೆ ಉಸಿರಾಡಿದಷ್ಟೇ ರೂಢಿ.

ಮದುವೆ ಅದೇ ಮನೆಗೆ ಆಯಿತು. ಮೋಟು ಕೂದಲಿಗೆ ಅತ್ತೆಯೇ ಎಲ್ಲರೆದುರು ಚೌರಿ ಸೇರಿಸಿ ಜಡೆ ಹೆಣೆದಳು. "ಕೂದ್ಲು ಬೆಳೀತಾ ಅದ, ಅಲ್ಲೀಗಂಟ ಇದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಜಡೆಗೆ ಹೂವು ಮುಡಿಸುವ ಹೊತ್ತಿಗೆ ತಾಯಿಯನ್ನು ಕರೆದರು. ಅವ್ವ ಅಡುಗೆ ನೋಡುತ್ತೇನೆಂದು ಒಳಗೆ ಹೋಗಿಬಿಟ್ಟಿದ್ದಳು.

ಗುಲಗಂಜಿ ಹಚ್ಚಿದ ದಿನದಿಂದ ಅವ್ವ ನನ್ನ ತಲೆ ಮುಟ್ಟಿರಲಿಲ್ಲ. ಹಂಗಳಕ್ಕೆ ಹೋದಾಗ ಊಟ ಬಡಿಸುವಳು, ಮೈದಡವುವಳು, ಬೆನ್ನು ಉಜ್ಜುವಳು. ತಲೆಯ ಹತ್ತಿರ ಬಂದರೆ ಕೈ ಹಿಂದೆಗೆಯುವಳು. "ಎಣ್ಣ ಒತ್ತವ್ವ" ಎಂದರೆ, "ನಿಮ್ಮಜ್ಜಿ ಒತ್ತುತಾರ ಬುಡು" ಎನ್ನುವಳು. ನಾನು ಬೈಯಲಿಲ್ಲ, ಅವಳು ಕ್ಷಮೆ ಕೇಳಲಿಲ್ಲ. ನಮ್ಮಿಬ್ಬರ ನಡುವೆ ಆ ಒಂದು ಅಂಗೈಯಗಲದ ಜಾಗ ಹಾಗೇ ಇತ್ತು.

ಆ ದಶಕದ ಕೊನೆಯಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಹಂಗಳಕ್ಕೆ ಬಂದಿದ್ದೆ. ತಲೆಗೆ ನೀರು ಹಾಕಲು ಅವ್ವ ಬೇರೆ ಹೆಂಗಸನ್ನು ಗೊತ್ತುಮಾಡಿದ್ದಳು. ಮಗು ಕತ್ತು ನಿಲ್ಲಿಸುವ ಹೊತ್ತಿಗೆ ನನ್ನ ಕೂದಲು ಮತ್ತೆ ಉದುರತೊಡಗಿತು. ಹೆತ್ತವರಿಗೆ ಹೀಗಾಗುವುದು ಉಂಟೆಂದು ಅತ್ತೆ ನನಗೆ ಮೊದಲೇ ಹೇಳಿ ಕಳಿಸಿದ್ದಳು. ಅವ್ವನಿಗೆ ಆ ಮಾತು ತಿಳಿದಿದ್ದರೂ ಪ್ರಯೋಜನವಿರಲಿಲ್ಲ. ಬಚ್ಚಲು ತೊಳೆಯಲು ಹೋದವಳು ಕೈತುಂಬ ಕೂದಲು ಹಿಡಿದುಕೊಂಡು ಹೊಸಲಲ್ಲಿ ನಿಂತಳು.

"ಮತ್ತ ಬಂತಲ್ಲವ್ವ" ಎಂದಳು. "ಮತ್ತ ಬಂತಲ್ಲ. ನಾನೇನೂ ಮಾಡ್ನಿಲ್ಲ ಕಣವ್ವ. ನಾನು ಮುಟ್ಟೇ ಇಲ್ಲ."

ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಕೈಯಿಂದ ಕೂದಲು ತೆಗೆದು ಬಿಸಾಡಿ, ಆ ಒದ್ದೆ ಕೈಯನ್ನು ಎಳೆದು ನನ್ನ ಎಡಗಿವಿಯ ಮೇಲೆ, ಆ ಬರಡು ಜಾಗದ ಮೇಲೆ ಇಟ್ಟುಕೊಂಡೆ. ಅವಳು ಕೊಸರಿಕೊಂಡಳು. ನಾನು ಬಿಡಲಿಲ್ಲ.

"ಮುಟ್ದೆ ಇದ್ರೂ ಉದುರ್ತು ನೋಡು" ಅಂದೆ. "ಅದು ಉದುರ್ತದ, ಬತ್ತದ. ನಿನ್ ಕೈ ಏನ್ ಮಾಡ್ತವ್ವ?"

ಅವಳು ದೊಡ್ಡ ದನಿ ತೆಗೆದು ಅತ್ತಳು. ಜಗಲಿಯಲ್ಲಿದ್ದ ಅಜ್ಜಿ ಯಾರಿಗೆ ಏನಾಯಿತೆಂದು ಕೋಲೂರಿಕೊಂಡು ಬಂದು, ನಮ್ಮಿಬ್ಬರನ್ನು ನೋಡಿ, ಬಂದ ಹಾಗೇ ಹಿಂದಿರುಗಿದಳು.

ಸಂಜೆ ಅವ್ವ ಹರಳೆಣ್ಣೆ ಬಿಸಿ ಮಾಡಿ ತಂದಳು. ಮೊದಮೊದಲು ಬೆರಳ ತುದಿಯಲ್ಲಿ, ಬಿಸಿ ಪಾತ್ರೆ ಮುಟ್ಟುವವಳಂತೆ ಮುಟ್ಟಿದಳು. ಆಮೇಲೆ ಎರಡೂ ಅಂಗೈ ಊರಿ ಒತ್ತತೊಡಗಿದಳು. ಗಾಯದ ಅಂಚನ್ನು ಮಾತ್ರ ಸುತ್ತಿ ಸುತ್ತಿ ಹೋಗುತ್ತಿದ್ದಳು. ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಮಗು ಎದ್ದು ಕಿರುಚಿತು. ಅವ್ವ ಎಣ್ಣೆ ಸುರಿಯುವ ಕೈಗಳನ್ನು ಮೇಲೆತ್ತಿಕೊಂಡು ಅತ್ತ ನೋಡಿದಳು, ಇತ್ತ ನೋಡಿದಳು. "ಅತ್ತೆಮ್ಮ, ಮಗೀನ ಒಸಿ ಎತ್ಕಳಿ, ನನ್ಗ ಇಲ್ಲಿ ಕೆಲ್ಸ ಅದ" ಎಂದು ಅಜ್ಜಿಯನ್ನು ಕೂಗಿದಳು.